ಒಳ್ಳೆಯ ಅಂಕ ಬಂದ ಮೇಲೂ ನೀಟ್ ಮತ್ತೊಮ್ಮೆ ಬರೆಯಬೇಕೇ?

ವೈದ್ಯಕೀಯ ಪ್ರವೇಶ ಪರೀಕ್ಷೆಯಾದ ನೀಟ್‌ನಲ್ಲಿ ತೀರಾ ಕಡಿಮೆ ಅಂಕ ಬಂದವರ ಮನೆಯಲ್ಲಿ ಚರ್ಚೆ ಬೇಗ ಮುಗಿಯುತ್ತದೆ. ವೈದ್ಯರಾಗಲೇಬೇಕೆಂಬ ಹಟವಿದ್ದರೆ ಮತ್ತೊಮ್ಮೆ ಬರೆಯುತ್ತಾರೆ, ಇಲ್ಲವಾದರೆ ಬೇರೆ ಕೋರ್ಸಿನ ಅರ್ಜಿ ತುಂಬುತ್ತಾರೆ. ನಿದ್ದೆಗೆಡುವುದು ಒಳ್ಳೆಯ ಅಂಕ ಬಂದವರ ಮನೆಯವರು. ಸರ್ಕಾರಿ ಸೀಟು ಹತ್ತು–ಹದಿನೈದು ಅಂಕಗಳಲ್ಲಿ ಕೈತಪ್ಪಿರುತ್ತದೆ, ಅಥವಾ ಸೀಟು ಸಿಕ್ಕಿದ್ದರೂ ಅದು ಬೆಂಗಳೂರಿನದಾಗಿರದೆ ಹೊಸದಾಗಿ ಆರಂಭವಾದ ಯಾವುದೋ ಜಿಲ್ಲಾ ಕಾಲೇಜಿನದಾಗಿರುತ್ತದೆ. ಆಗ ಯಾರೋ ಒಬ್ಬರು ‘ಇಷ್ಟು ತೆಗೆದವನಿಗೆ ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್‌ಗೆ ಕೂರಿಸಿದರೆ ಏಮ್ಸ್ ಸಿಗದೇ ಇರುತ್ತದೆಯೇ’ ಎಂದು ಹೇಳಿ ಹೋಗುತ್ತಾರೆ. ಆ ಮಾತನ್ನು ಒಪ್ಪುವ ಅಥವಾ ತಳ್ಳಿಹಾಕುವ ಮುನ್ನ ಯಾವ ಕಾಗದಗಳನ್ನು ಮುಂದಿಟ್ಟುಕೊಂಡು ಏನನ್ನು ಲೆಕ್ಕ ಹಾಕಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಎಲ್ಲಕ್ಕಿಂತ ಮೊದಲು ಒಂದು ನಿಯಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೀಟ್ ಯುಜಿಯ ಅಂಕ ಆ ವರ್ಷದ ಪ್ರವೇಶಕ್ಕೆ ಮಾತ್ರ ಸಲ್ಲುತ್ತದೆ. ಜೆಇಇ ಮೇನ್‌ನಲ್ಲಿ ಜನವರಿ ಮತ್ತು ಏಪ್ರಿಲ್ ಎರಡೂ ಸಲ ಬರೆದವರಿಗೆ ಹೆಚ್ಚಿನ ಅಂಕವೇ ಉಳಿಯುತ್ತದೆ. ನಮ್ಮ ದ್ವಿತೀಯ ಪಿಯು ಪರೀಕ್ಷೆಯಲ್ಲಿಯೂ 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಅವಕಾಶಗಳಿದ್ದು ಉತ್ತಮವಾದುದನ್ನು ಇಟ್ಟುಕೊಳ್ಳಬಹುದು. ನೀಟ್‌ನಲ್ಲಿ ಹಾಗಿಲ್ಲ. ಈ ವರ್ಷ 560 ಬಂದು ಮುಂದಿನ ವರ್ಷ 530 ಬಂದರೆ 560 ಎಂಬುದು ನೆನಪಷ್ಟೇ. ಎಷ್ಟು ಸಲ ಬೇಕಾದರೂ ಬರೆಯಬಹುದು, ಗರಿಷ್ಠ ವಯೋಮಿತಿಯೂ ಈಗ ಇಲ್ಲ ಎಂಬುದು ನಿಜವೇ. ಆದರೆ ಪ್ರತಿ ಸಲವೂ ಹಿಂದಿನದನ್ನು ಪೂರ್ತಿ ಒತ್ತೆಯಿಟ್ಟು ಆಡಬೇಕಾಗುತ್ತದೆ.

ಅಂಕವನ್ನು ಬದಿಗಿಟ್ಟು ರ‍್ಯಾಂಕ್ ನೋಡುವುದು

‘ಈ ಸಲ 580, ಮುಂದಿನ ಸಲ 630 ಗುರಿ’ ಎಂದು ಗೋಡೆಯ ಮೇಲೆ ಬರೆದುಕೊಳ್ಳುವ ಅಭ್ಯಾಸ ಹಲವರಿಗಿದೆ. ಈ ಲೆಕ್ಕದ ಬುಡವೇ ಸಡಿಲವಾಗಿದೆ. 2024ರ ನೀಟ್‌ನಲ್ಲಿ 600ಕ್ಕಿಂತ ಹೆಚ್ಚು ಅಂಕ ಪಡೆದವರ ಸಂಖ್ಯೆ ಸುಮಾರು ಎಂಬತ್ತು ಸಾವಿರವಾಗಿತ್ತು. 2025ರಲ್ಲಿ ಭೌತಶಾಸ್ತ್ರದ ಪ್ರಶ್ನೆಗಳು ಮಕ್ಕಳನ್ನು ಸುಸ್ತು ಮಾಡಿದ ಕಾರಣ ಆ ಸಂಖ್ಯೆ ಒಂದು ಸಾವಿರದ ಮುನ್ನೂರರ ಆಸುಪಾಸಿಗೆ ಇಳಿಯಿತು. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಬಂದಿದ್ದರೆ, 2025ರಲ್ಲಿ ದೇಶಕ್ಕೇ ಮೊದಲಿಗರಾದವರ ಅಂಕ 686. ಸಾಮಾನ್ಯ ವರ್ಗದ ಅರ್ಹತಾ ಅಂಕ ಕೂಡ ಒಂದೇ ವರ್ಷದಲ್ಲಿ 162ರಿಂದ 144ಕ್ಕೆ ಇಳಿಯಿತು. 2024ರ 600 ಹಿಡಿದುಕೊಂಡು ಸರ್ಕಾರಿ ಸೀಟಿಗಾಗಿ ಪರದಾಡಿದವರಿದ್ದಾರೆ. 2025ರ 600 ದೇಶದ ಅತ್ಯುತ್ತಮ ಕಾಲೇಜುಗಳ ಬಾಗಿಲು ತೆರೆಯಿತು. ಆದ್ದರಿಂದ ‘ನನಗೆ ಎಷ್ಟು ಅಂಕ ಬಂತು’ ಎಂಬ ಪ್ರಶ್ನೆಗೆ ಈ ನಿರ್ಧಾರದಲ್ಲಿ ಸ್ಥಾನವೇ ಇಲ್ಲ. ಅಖಿಲ ಭಾರತ ರ‍್ಯಾಂಕ್ ಎಷ್ಟು, ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ಪ್ರಕಟಿಸುವ ರಾಜ್ಯದ ವೈದ್ಯಕೀಯ ರ‍್ಯಾಂಕ್ ಎಷ್ಟು, ನಿಮ್ಮ ಪ್ರವರ್ಗದಲ್ಲಿ ಬೇಕಾದ ಕಾಲೇಜು ಹಿಂದಿನ ಎರಡು–ಮೂರು ವರ್ಷ ಯಾವ ರ‍್ಯಾಂಕಿಗೆ ಮುಗಿದಿದೆ ಎಂಬ ಮೂರು ಸಂಗತಿಗಳನ್ನು ಮಾತ್ರ ಬರೆದುಕೊಳ್ಳಿ.

ಕೆಇಎ ಜಾಲತಾಣದಲ್ಲಿ ಸೀಟು ಹಂಚಿಕೆಯ ಸುತ್ತುವಾರು ಕಟ್ ಆಫ್ ಪಟ್ಟಿ ಸಿಗುತ್ತದೆ. ಅದನ್ನು ಓದುವಾಗ ಜಿಎಂ (ಸಾಮಾನ್ಯ ಅರ್ಹತೆ) ಕಾಲಂ ಒಂದನ್ನೇ ನೋಡಿ ಹತಾಶರಾಗುವವರು ಬಹಳ. ನಿಮ್ಮ ಪ್ರವರ್ಗದ ಮುಂದೆ ಗ್ರಾಮೀಣ ಮೀಸಲಾತಿಯ ‘ಆರ್’, ಕನ್ನಡ ಮಾಧ್ಯಮದ ‘ಕೆ’ ಎಂಬ ಅಕ್ಷರಗಳಿರುವ ಕಾಲಂಗಳು ಇರುತ್ತವೆ, ಕಲ್ಯಾಣ ಕರ್ನಾಟಕದವರಿಗೆ 371ಜೆ ಅಡಿಯ ಸೀಟುಗಳ ಪಟ್ಟಿ ಬೇರೆ ಇರುತ್ತದೆ. ಮೊದಲ ಸುತ್ತಿನ ಅಂಕಿಗೂ ಕೊನೆಯ ಸುತ್ತಿನ ಅಂಕಿಗೂ ಸಾವಿರಾರು ರ‍್ಯಾಂಕ್‌ಗಳ ಅಂತರವಿರಬಹುದು. ‘ಹತ್ತು ಅಂಕದಲ್ಲಿ ತಪ್ಪಿತು’ ಎಂದು ಜೂನ್‌ನಲ್ಲಿ ಅತ್ತವರಿಗೆ ಸೆಪ್ಟೆಂಬರ್‌ನಲ್ಲಿ ಅದೇ ಕಾಲೇಜು ಸಿಕ್ಕಿರುವುದೂ ಇದೇ ಕಾರಣಕ್ಕೆ.

ಕೈಯಲ್ಲಿರುವ ಸೀಟಿನ ಬೆಲೆ

ಎರಡನೆಯದಾಗಿ, ಈ ರ‍್ಯಾಂಕಿಗೆ ಸಿಗಬಹುದಾದ ಸೀಟು ಯಾವುದು ಎಂಬುದರ ಮೇಲೆ ಉತ್ತರವೇ ಬದಲಾಗುತ್ತದೆ.

ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಎಂಬಿಬಿಎಸ್ ಸೀಟು ಸಿಗುವಂತಿದ್ದು, ಕಾಲೇಜು ಮಾತ್ರ ಮನಸ್ಸಿಗೆ ಒಪ್ಪದಿದ್ದರೆ, ಸೇರಿಬಿಡಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬೆಂಗಳೂರು ವೈದ್ಯಕೀಯ ಕಾಲೇಜಿಗೋ ಮೈಸೂರಿನ 1924ರಷ್ಟು ಹಳೆಯ ಕಾಲೇಜಿಗೋ ಇರುವ ಹೆಸರು, ಅಧ್ಯಾಪಕರ ಬಳಗ, ಬರುವ ರೋಗಿಗಳ ವೈವಿಧ್ಯ ಹಾವೇರಿ ಅಥವಾ ಯಾದಗಿರಿಯ ಹೊಸ ಕಾಲೇಜಿಗೆ ಇರಲಾರದು, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಕಲಿಯುವ ಪಠ್ಯಕ್ರಮ ಒಂದೇ, ಕೈಗೆ ಬರುವ ಪದವಿ ಒಂದೇ, ಮುಂದೆ ಸ್ನಾತಕೋತ್ತರ ಸೀಟಿಗಾಗಿ ಬರೆಯಬೇಕಾದ ನೀಟ್ ಪಿಜಿಯೂ ಒಂದೇ. ಆ ಪರೀಕ್ಷೆಯಲ್ಲಿ ಎಂಬಿಬಿಎಸ್ ಯಾವ ಕಾಲೇಜಿನದು ಎಂದು ಯಾರೂ ಕೇಳುವುದಿಲ್ಲ. ಕಾಲೇಜಿನ ಹೆಸರಿಗಾಗಿ ಒಂದು ವರ್ಷ ಕೊಡುವವರು ಆ ವರ್ಷವನ್ನು ಪಿಜಿ ತಯಾರಿಯ ಹೊತ್ತಿಗೆ ಉಳಿಸಿಕೊಂಡರೆ ಹೆಚ್ಚು ಪ್ರಯೋಜನವಾಗುತ್ತದೆ. ದೆಹಲಿಯ ಏಮ್ಸ್ ಒಂದನ್ನೇ ಗುರಿಯಾಗಿಟ್ಟುಕೊಂಡವರು ಇದಕ್ಕೆ ಅಪವಾದ ಎಂದು ವಾದಿಸಬಹುದು. ಆದರೆ ಅಲ್ಲಿಗೆ ಬೇಕಾದ ರ‍್ಯಾಂಕ್ ಎರಡಂಕಿಯದು, ಮತ್ತು ಎರಡಂಕಿಯ ರ‍್ಯಾಂಕನ್ನು ಪಂಚಾಂಗ ನೋಡಿ ನಿಗದಿ ಮಾಡಲು ಆಗುವುದಿಲ್ಲ.

ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಸೀಟು ಸಿಗುವಂತಿದ್ದರೆ ವರ್ಷದ ಶುಲ್ಕ ಒಂದೂವರೆ ಲಕ್ಷದ ಆಸುಪಾಸಿನಲ್ಲಿರುತ್ತದೆ. ಹಲವು ಮಧ್ಯಮ ವರ್ಗದ ಮನೆಗಳಿಗೆ ಇದು ಹೊರೆಯೇ ಆದರೂ ಹೊರಲಾಗದ ಹೊರೆಯಲ್ಲ. ಲಾಂಗ್ ಟರ್ಮ್ ತರಗತಿ, ಹಾಸ್ಟೆಲ್, ಊಟ, ಟೆಸ್ಟ್ ಸೀರೀಸ್ ಎಲ್ಲ ಸೇರಿ ಒಂದು ವರ್ಷಕ್ಕೆ ಆಗುವ ಖರ್ಚನ್ನು ಪಕ್ಕದಲ್ಲಿಟ್ಟು ನೋಡಿದರೆ, ಸರ್ಕಾರಿ ಕಾಲೇಜಿಗೂ ಈ ಸೀಟಿಗೂ ಇರುವ ವ್ಯತ್ಯಾಸದ ದೊಡ್ಡ ಪಾಲನ್ನು ಆ ವರ್ಷವೇ ನುಂಗಿಹಾಕುತ್ತದೆ.

ಲೆಕ್ಕ ತಿರುಗುವುದು ಖಾಸಗಿ ಕೋಟಾದ ಸೀಟಿನಲ್ಲಿ. ವರ್ಷಕ್ಕೆ ಹತ್ತು–ಹನ್ನೆರಡು ಲಕ್ಷವೆಂದರೆ ನಾಲ್ಕೂವರೆ ವರ್ಷಕ್ಕೆ ಅರ್ಧ ಕೋಟಿಯ ಹತ್ತಿರ. ಡೀಮ್ಡ್ ವಿಶ್ವವಿದ್ಯಾಲಯಗಳಲ್ಲಿ ಅದಕ್ಕೂ ಹೆಚ್ಚು. ಸರ್ಕಾರಿ ಕೋಟಾದ ಗೆರೆಯಿಂದ ನಿಮ್ಮ ರ‍್ಯಾಂಕ್ ಕೆಲವೇ ಸಾವಿರ ಸ್ಥಾನಗಳಷ್ಟು ಕೆಳಗಿದ್ದು, ಜಮೀನು ಮಾರಿಯೋ ಸಾಲ ಮಾಡಿಯೋ ಈ ಶುಲ್ಕ ಕಟ್ಟಬೇಕಾದ ಸ್ಥಿತಿಯಿದ್ದರೆ, ಮತ್ತೊಮ್ಮೆ ಬರೆಯುವ ಆಲೋಚನೆಗೆ ಗಟ್ಟಿಯಾದ ಕಾರಣವಿದೆ. ಒಂದು ವರ್ಷದ ಖರ್ಚು ಎರಡು ಲಕ್ಷ, ಯಶಸ್ವಿಯಾದರೆ ಉಳಿತಾಯ ನಲವತ್ತು ಲಕ್ಷ ಎಂದಾಗ, ಗೆಲ್ಲುವ ಸಂಭವ ಅರ್ಧದಷ್ಟಿದ್ದರೂ ಹಣದ ದೃಷ್ಟಿಯಿಂದ ಅದು ತಪ್ಪು ನಿರ್ಧಾರವಾಗುವುದಿಲ್ಲ. ಇನ್ನು ಎಂಬಿಬಿಎಸ್ ಕೈತಪ್ಪಿ ಬಿಡಿಎಸ್ ಅಥವಾ ಆಯುರ್ವೇದ ಮಾತ್ರ ಸಿಗುವಂತಿದ್ದರೆ, ಆ ವೃತ್ತಿ ನಿಮಗೆ ನಿಜವಾಗಿ ಬೇಕೇ ಎಂಬುದು ಬೇರೆಯೇ ಪ್ರಶ್ನೆ; ಬೇಡವೆಂದಾದರೆ ಒಲ್ಲದ ಮನಸ್ಸಿನಿಂದ ಐದು ವರ್ಷ ಕಳೆಯುವುದಕ್ಕಿಂತ ಒಂದು ವರ್ಷ ಪಣಕ್ಕಿಡುವುದು ಮೇಲು.

ಆ ಅಂಕ ನಿಮ್ಮದೋ, ಆ ಮಧ್ಯಾಹ್ನದ್ದೋ

ಗೆಲ್ಲುವ ಸಂಭವ ಅರ್ಧದಷ್ಟಿದೆಯೋ ಕಾಲುಭಾಗವಿದೆಯೋ ಎಂದು ತಿಳಿಯುವುದು ಹೇಗೆ? ನಿರ್ಧಾರದ ತಿರುಳು ಇಲ್ಲಿದೆ, ಮತ್ತು ಹೆಚ್ಚಿನವರು ಹಾರಿಸಿಬಿಡುವ ಹಂತವೂ ಇದೇ.

ಪರೀಕ್ಷೆಯ ನಂತರ, ಅದನ್ನು ನಡೆಸುವ ಎನ್‌ಟಿಎ ನಿಮ್ಮ ಓಎಂಆರ್ ಹಾಳೆಯ ಸ್ಕ್ಯಾನ್ ಪ್ರತಿಯನ್ನೂ, ಅದರಿಂದ ಓದಿಕೊಂಡ ಉತ್ತರಗಳನ್ನೂ, ಕೀ ಉತ್ತರಗಳನ್ನೂ ಕೆಲವು ದಿನಗಳ ಮಟ್ಟಿಗೆ ತೆರೆದಿಡುತ್ತದೆ. ಲಿಂಕ್ ಮುಚ್ಚುವ ಮುನ್ನ ಇಳಿಸಿಕೊಂಡು, ಪ್ರಶ್ನೆಪತ್ರಿಕೆ ಮುಂದಿಟ್ಟುಕೊಂಡು, ಒಂದು ಇಡೀ ದಿನ ಕುಳಿತು, 180 ಪ್ರಶ್ನೆಗಳ ಪಕ್ಕದಲ್ಲೂ ಒಂದೊಂದು ಗುರುತು ಹಾಕಬೇಕು: ತಿಳಿದು ಬರೆದದ್ದು, ಎರಡು ಆಯ್ಕೆಗಳನ್ನು ತಳ್ಳಿಹಾಕಿ ಅರೆತಿಳಿವಿನಲ್ಲಿ ಬರೆದದ್ದು, ಏನೂ ತಿಳಿಯದೆ ಊಹಿಸಿದ್ದು, ಗೊತ್ತಿದ್ದೂ ಲೆಕ್ಕ ತಪ್ಪಿಯೋ ಪ್ರಶ್ನೆ ತಪ್ಪಾಗಿ ಓದಿಯೋ ಬೇರೆ ವೃತ್ತ ತುಂಬಿಯೋ ಕಳೆದುಕೊಂಡದ್ದು, ಸಮಯ ಸಾಲದೆ ಬಿಟ್ಟದ್ದು. ನೆನಪು ಹಸಿಯಾಗಿರುವಾಗ, ಅಂದರೆ ಪರೀಕ್ಷೆ ಮುಗಿದ ಒಂದೆರಡು ದಿನಗಳಲ್ಲೇ ಊಹೆಗಳನ್ನು ಗುರುತಿಸಿಟ್ಟುಕೊಂಡವರಿಗೆ ಈ ಕೆಲಸ ಸುಲಭ. ಫಲಿತಾಂಶ ಬಂದ ಮೇಲೆ, ಸರಿಯಾದ ಊಹೆಗಳೆಲ್ಲ ‘ಗೊತ್ತಿದ್ದದ್ದೇ’ ಎಂದು ಅನಿಸತೊಡಗುವುದು ಮನುಷ್ಯ ಸ್ವಭಾವ.

ಒಂದು ಉದಾಹರಣೆ ನೋಡಿ. ಒಬ್ಬ ವಿದ್ಯಾರ್ಥಿನಿಗೆ 144 ಸರಿ, 26 ತಪ್ಪು, 10 ಖಾಲಿ ಎಂದಿಟ್ಟುಕೊಳ್ಳೋಣ; ಸರಿಯುತ್ತರಕ್ಕೆ ನಾಲ್ಕು ಕೂಡಿ, ತಪ್ಪಿಗೆ ಒಂದು ಕಳೆದರೆ ಅಂಕ 550. ಈ ಪೈಕಿ ನಲವತ್ತು ಪ್ರಶ್ನೆಗಳಿಗೆ ಆಕೆ ಕಣ್ಣು ಮುಚ್ಚಿ ಉತ್ತರಿಸಿದ್ದಳು, ಹದಿನೆಂಟು ಸರಿಯಾದವು. ನಾಲ್ಕು ಆಯ್ಕೆಗಳ ಕುರುಡು ಊಹೆಯಲ್ಲಿ ನಲವತ್ತಕ್ಕೆ ಹತ್ತು ಸರಿಯಾಗುವುದು ಸಹಜ, ಅಂದರೆ ಋಣಾತ್ಮಕ ಅಂಕ ಕಳೆದು ಹತ್ತು ಅಂಕ ದಕ್ಕಬೇಕಿತ್ತು. ಆಕೆಗೆ ದಕ್ಕಿದ್ದು ಐವತ್ತು. ಉಳಿದ ನಲವತ್ತು ಅಂಕಗಳು ಆ ಮಧ್ಯಾಹ್ನದ ಅದೃಷ್ಟದ ಕೊಡುಗೆ. ಮತ್ತೆ ಬರೆದರೆ ಆಕೆ ಆರಂಭಿಸುವುದು 550ರಿಂದಲ್ಲ, 510ರಿಂದ. ವರ್ಷವಿಡೀ ದುಡಿದು ನಲವತ್ತು ಅಂಕ ಏರಿಸಿಕೊಂಡರೂ ಇದ್ದಲ್ಲಿಗೇ ಬಂದು ನಿಲ್ಲುತ್ತಾಳೆ. ಆದರೆ ಅದೇ ನಲವತ್ತು ಪ್ರಶ್ನೆಗಳಲ್ಲಿ ಎರಡೆರಡು ಆಯ್ಕೆಗಳನ್ನು ಸರಿಯಾಗಿ ತಳ್ಳಿಹಾಕಿ ಆಮೇಲೆ ಊಹಿಸಿದ್ದಳು ಎಂದಾದರೆ ಅರ್ಧದಷ್ಟು, ಅಂದರೆ ಇಪ್ಪತ್ತು ಸರಿಯಾಗುವುದು ಸಹಜವಾಗಿತ್ತು; ಹದಿನೆಂಟೇ ಬಂದಿದ್ದರಿಂದ ಆಕೆಯ ಅದೃಷ್ಟ ತುಸು ಮುನಿಸಿಕೊಂಡಿತ್ತೆಂದೇ ಹೇಳಬೇಕು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಅಂಕಪಟ್ಟಿ. ಊಹೆ ಯಾವ ಬಗೆಯದು ಎಂಬುದನ್ನು ಪ್ರಾಮಾಣಿಕವಾಗಿ ಗುರುತಿಸದೆ ಈ ವ್ಯತ್ಯಾಸ ತಿಳಿಯುವುದಿಲ್ಲ.

ಇದೇ 550 ಪಡೆದ ಇನ್ನೊಬ್ಬನ ಹಾಳೆಯಲ್ಲಿ 140 ಸರಿ, 10 ತಪ್ಪು, 30 ಖಾಲಿ ಇರಬಹುದು. ತಪ್ಪಾದ ಹತ್ತರಲ್ಲಿ ಎಂಟು ಗೊತ್ತಿದ್ದೂ ಎಡವಿದವು. ಗೊತ್ತಿದ್ದ ಪ್ರಶ್ನೆ ತಪ್ಪಾದರೆ ಬರಬೇಕಾದ ನಾಲ್ಕು ಹೋಗಿ ಮೇಲೊಂದು ಕಳೆಯುವುದರಿಂದ ನಷ್ಟ ಐದೈದು, ಒಟ್ಟು ನಲವತ್ತು. ಖಾಲಿ ಬಿಟ್ಟ ಮೂವತ್ತೂ ಭೌತಶಾಸ್ತ್ರದ ಲೆಕ್ಕಗಳು. ಮನೆಯಲ್ಲಿ ನಿಧಾನವಾಗಿ ಕುಳಿತಾಗ ಅರ್ಧ ಬಿಡಿಸಲು ಬಂದವು. ಇವನಿಗೆ ಕೊರತೆಯಿರುವುದು ವೇಗ ಮತ್ತು ಎಚ್ಚರ, ತಿಳಿವಳಿಕೆಯಲ್ಲ. ಇವೆರಡೂ ಒಂದು ವರ್ಷದ ಅಭ್ಯಾಸಕ್ಕೆ ಬಗ್ಗುವ ಸಂಗತಿಗಳು. ಜೀವಶಾಸ್ತ್ರದಲ್ಲಿ ಈಗಾಗಲೇ 330 ದಾಟಿ ಭೌತಶಾಸ್ತ್ರದಲ್ಲಿ ಸೊರಗಿದವರಿಗೆ ಏರಲು ಜಾಗವಿದೆ. ಮೂರೂ ವಿಷಯಗಳಲ್ಲಿ ಸಮನಾಗಿ ಮೇಲಿರುವವರಿಗೆ ಅಷ್ಟು ಜಾಗವಿಲ್ಲ.

ಹಾಳೆಯ ಜೊತೆಗೆ ಕೊನೆಯ ಎರಡು ತಿಂಗಳ ಪೂರ್ಣ ಪ್ರಮಾಣದ ಮಾಕ್ ಟೆಸ್ಟ್‌ಗಳ ಫಲಿತಾಂಶವನ್ನೂ ಇಡಬೇಕು. ಪಾಠವಾರು ಪರೀಕ್ಷೆಗಳು ಇದಕ್ಕೆ ಉಪಯೋಗವಿಲ್ಲ. ಮಾಕ್ ಪತ್ರಿಕೆಗಳ ಮಟ್ಟ ಒಂದೊಂದು ಕಡೆ ಒಂದೊಂದು ಬಗೆಯಾದ್ದರಿಂದ ಅಂಕಕ್ಕಿಂತ, ಬರೆದವರ ನಡುವೆ ನೀವು ಎಷ್ಟನೆಯವರಾಗಿದ್ದಿರಿ ಎಂಬುದನ್ನು ನೋಡುವುದು ಹೆಚ್ಚು ನಂಬಿಕೆಗೆ ಅರ್ಹ. ಬ್ಯಾಚಿನಲ್ಲಿ ಸದಾ ನಲವತ್ತರ ಆಸುಪಾಸಿನಲ್ಲಿದ್ದವರು ನೀಟ್‌ನಲ್ಲಿ ಅದೇ ಬ್ಯಾಚಿನ ಹನ್ನೆರಡನೆಯವರಾಗಿ ಬಂದಿದ್ದರೆ ಅದನ್ನು ಕಣ್ಣಿಗೊತ್ತಿಕೊಂಡು ಕೌನ್ಸೆಲಿಂಗ್‌ಗೆ ಹೋಗಬೇಕು. ಸದಾ ಹತ್ತರೊಳಗಿದ್ದು ಆ ದಿನ ಜ್ವರದಿಂದಲೋ ಗಾಬರಿಯಿಂದಲೋ ಮೂವತ್ತಕ್ಕೆ ಇಳಿದಿದ್ದರೆ, ಮುಂದಿನ ಸಲ ಮೇಲೇರುವ ಸಂಭವವೇ ಹೆಚ್ಚು. ತನ್ನ ಸರಾಸರಿಗಿಂತ ಬಹಳ ಮೇಲೆ ಹೋದದ್ದು ಇನ್ನೊಮ್ಮೆ ಅಳೆದಾಗ ಸರಾಸರಿಯ ಕಡೆಗೆ ಸರಿಯುತ್ತದೆ, ಕೆಳಗೆ ಹೋದದ್ದೂ ಹಾಗೆಯೇ.

ಪ್ರಸಂಗವಶಾತ್ 2024ರ ಒಂದು ಘಟನೆಯನ್ನು ನೆನಪಿಸಿಕೊಳ್ಳಬಹುದು. ಪರೀಕ್ಷಾ ಕೇಂದ್ರದಲ್ಲಿ ಸಮಯ ನಷ್ಟವಾಯಿತೆಂದು ಕೃಪಾಂಕ ಪಡೆದಿದ್ದ 1,563 ಅಭ್ಯರ್ಥಿಗಳಿಗೆ, ಆ ಕೃಪಾಂಕ ರದ್ದಾದಾಗ, ಮೂಲ ಅಂಕವನ್ನು ಒಪ್ಪಿಕೊಳ್ಳುವ ಅಥವಾ ಜೂನ್ 23ರಂದು ಮರುಪರೀಕ್ಷೆ ಬರೆಯುವ ಆಯ್ಕೆಯನ್ನು ಕೊಡಲಾಯಿತು. ಬರೆದವರು 813 ಮಂದಿ. ಉಳಿದ 750 ಮಂದಿ ಇದ್ದ ಅಂಕವೇ ಸಾಕೆಂದರು. ಕೃಪಾಂಕದ ನೆರವಿನಿಂದ 720 ತಲುಪಿದ್ದವರಲ್ಲಿ ಮರುಪರೀಕ್ಷೆ ಬರೆದ ಯಾರಿಗೂ ಮತ್ತೆ 720 ಬರಲಿಲ್ಲ, ಪೂರ್ಣಾಂಕ ಪಡೆದವರ ಪಟ್ಟಿ 67ರಿಂದ 61ಕ್ಕೆ ಇಳಿಯಿತು (ಮೇಲೆ ಹೇಳಿದ 17 ಆನಂತರದ ಪರಿಷ್ಕರಣೆಯ ಸಂಖ್ಯೆ). ಅವರ ಮೊದಲ ಅಂಕದಲ್ಲಿ ಕೃಪಾಂಕ ಬೆರೆತಿದ್ದರಿಂದ ಈ ಹೋಲಿಕೆಯನ್ನು ಬಹಳ ಎಳೆಯಬಾರದು. ಆದರೂ ಇಷ್ಟನ್ನು ಗಮನಿಸಬಹುದು: ಹೆಚ್ಚುಕಡಿಮೆ ಅರ್ಧ ಮಂದಿ, ಓದು ಇನ್ನೂ ಮನಸ್ಸಿನಲ್ಲಿ ಹಸಿಯಾಗಿದ್ದ ಹೊತ್ತಿನಲ್ಲಿಯೂ, ಮತ್ತೆ ಬರೆಯದಿರುವುದನ್ನೇ ಆರಿಸಿಕೊಂಡರು.

ವರ್ಷ ಕಳೆಯುವ ಬಗೆ

ಇದು ನಿಮ್ಮ ಮೊದಲ ಪ್ರಯತ್ನವೋ ಎರಡನೆಯದೋ ಎಂಬುದು ಮುಖ್ಯ. ದ್ವಿತೀಯ ಪಿಯು ಓದುತ್ತಲೇ, ಮಾರ್ಚ್‌ನಲ್ಲಿ ಬೋರ್ಡ್ ಪರೀಕ್ಷೆ, ಏಪ್ರಿಲ್‌ನಲ್ಲಿ ಸಿಇಟಿ ಮುಗಿಸಿ ಮೇ ತಿಂಗಳಲ್ಲಿ ನೀಟ್ ಬರೆದು ಒಳ್ಳೆಯ ರ‍್ಯಾಂಕ್ ತೆಗೆದವರಿಗೆ, ಬೇರೇನೂ ಅಡ್ಡಿಯಿಲ್ಲದ ಒಂದು ವರ್ಷ ನಿಜವಾದ ಹೆಚ್ಚುವರಿ ಬಂಡವಾಳ. ಈಗಾಗಲೇ ಒಂದು ವರ್ಷ ಲಾಂಗ್ ಟರ್ಮ್ ಕುಳಿತೇ ಈ ಅಂಕ ತೆಗೆದವರಿಗೆ ಎರಡನೆಯ ವರ್ಷ ಕೊಡುವುದು ಬಹಳ ಕಡಿಮೆ. 500ರಿಂದ 550ಕ್ಕೆ ಏರುವುದು ಓದಿನ ಕೆಲಸ, 620ರಿಂದ 650ಕ್ಕೆ ಏರುವುದು ತಪ್ಪು ಮಾಡದಿರುವ ಕೆಲಸ. ಎರಡನೆಯದನ್ನು ಪುಸ್ತಕ ಹೆಚ್ಚಿಸಿ ಸಾಧಿಸಲಾಗದು. ಎರಡನೆಯ ಲಾಂಗ್ ಟರ್ಮ್‌ಗೆ ನಾನು ಸಾಮಾನ್ಯವಾಗಿ ಬೇಡವೆಂದೇ ಹೇಳುತ್ತೇನೆ.

ಬರೆಯುವ ಆಸೆ ಯಾರದು ಎಂಬುದನ್ನೂ ಬಿಡಿಸಿಕೊಳ್ಳಬೇಕು. ಮದುವೆಮನೆಯ ಪಂಕ್ತಿಯಲ್ಲಿ ಕುಳಿತು ‘ಮಗಳಿಗೆ ಯಾವ ಕಾಲೇಜು’ ಎಂದು ಕೇಳುವ ನೆಂಟರಿಗೆ ಉತ್ತರಿಸಲು ಒಂದು ವರ್ಷ ಕೊಡಬೇಕಾಗಿಲ್ಲ. ತಂದೆತಾಯಿ ಇಲ್ಲದ ಕೋಣೆಯಲ್ಲಿ ಮಗುವಿನ ಕೈಗೆ ಒಂದು ಹಾಳೆ ಕೊಟ್ಟು, ಮುಂದಿನ ಜುಲೈನಿಂದ ಮೇವರೆಗಿನ ದಿನಚರಿಯನ್ನು ತಾನೇ ಬರೆಯಲು ಹೇಳುವುದು ಒಂದು ಒಳ್ಳೆಯ ಪರೀಕ್ಷೆ. ಭೌತಶಾಸ್ತ್ರದ ಯಾವ ಅಧ್ಯಾಯಗಳು, ಯಾವ ತಿಂಗಳು, ವಾರಕ್ಕೆ ಎಷ್ಟು ಪೂರ್ಣ ಟೆಸ್ಟ್ ಎಂದು ಬರೆಯಲು ಬಂದರೆ ಅದು ಯೋಜನೆ. ‘ಇನ್ನೂ ಚೆನ್ನಾಗಿ ಓದುತ್ತೇನೆ’ ಎಂದಷ್ಟೇ ಬರೆದರೆ ಅದು ಹಾರೈಕೆ. ಪಿಯುವಿನ ಎರಡು ವರ್ಷ ನಿದ್ದೆಯಿಲ್ಲದೆ, ಆಟವಿಲ್ಲದೆ ಬಳಲಿರುವ ಮಗುವಾದರೆ ಅಂಕದ ಲೆಕ್ಕವೆಲ್ಲ ಅನುಕೂಲವಾಗಿದ್ದರೂ ಕೈಬಿಡುವುದೇ ಸರಿ.

ಆತುರದ ದಿನಗಳು

ಫಲಿತಾಂಶ ಜೂನ್‌ನಲ್ಲಿ ಬರುತ್ತದೆ. ಲಾಂಗ್ ಟರ್ಮ್ ಬ್ಯಾಚುಗಳ ಜಾಹೀರಾತು ಅದರ ಬೆನ್ನಿಗೇ ಬರುತ್ತದೆ, ಆದರೆ ಕೌನ್ಸೆಲಿಂಗ್‌ನ ಸುತ್ತುಗಳು ಮುಗಿಯುವ ಹೊತ್ತಿಗೆ ಮಳೆಗಾಲವೇ ಕಳೆದಿರುತ್ತದೆ. ಈ ನಡುವಿನ ತಿಂಗಳುಗಳಲ್ಲಿ ಶುಲ್ಕ ಪೂರ್ತಿ ಕಟ್ಟಿ ಬ್ಯಾಚಿಗೆ ಸೇರಿದವರು, ಆಮೇಲೆ ಒಳ್ಳೆಯ ಸೀಟು ಬಂದರೂ ಕಟ್ಟಿದ ಹಣದ ಮೋಹಕ್ಕೆ ಅದನ್ನು ಬಿಡುವುದುಂಟು. ಕಂತಿನಲ್ಲಿ ಕಟ್ಟಲು ಅವಕಾಶವಿರುವಲ್ಲಿ, ಸೀಟು ಸಿಕ್ಕರೆ ಎಷ್ಟು ಹಣ ಮರಳುತ್ತದೆ ಎಂಬುದನ್ನು ಬರಹದಲ್ಲಿ ಪಡೆದು ಮಾತ್ರ ಸೇರಬೇಕು.

ಅಷ್ಟರೊಳಗೆ ಎರಡೂ ಕಡೆ ನೋಂದಾಯಿಸಿಕೊಂಡಿರಬೇಕು: ದೇಶದ ಸರ್ಕಾರಿ ಕಾಲೇಜುಗಳ ಶೇಕಡಾ 15ರಷ್ಟು ಸೀಟುಗಳು, ಏಮ್ಸ್, ಜಿಪ್‌ಮರ್ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಕೇಂದ್ರದ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ (ಎಂಸಿಸಿ), ರಾಜ್ಯದ ಸೀಟುಗಳಿಗೆ ಕೆಇಎ. ಕೆಇಎಯಲ್ಲಿ ಸಿಕ್ಕ ಸೀಟನ್ನು ಉಳಿಸಿಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ಪ್ರಯತ್ನಿಸುವ ಅವಕಾಶ ಸಾಮಾನ್ಯವಾಗಿ ಇರುತ್ತದೆ. ಮತ್ತೊಮ್ಮೆ ಬರೆಯುವ ಯೋಚನೆಯಿರುವವರು ಆ ಅವಕಾಶವನ್ನು ಪೂರ್ತಿ ಬಳಸಿಕೊಳ್ಳದೆ ಹೊರಬರಬಾರದು. ಆದರೆ ಸುತ್ತುಗಳು ಮುಂದುವರಿದಂತೆ ಸೀಟು ಬಿಡುವುದಕ್ಕೆ ದಂಡ ಹೆಚ್ಚುತ್ತದೆ. ಉಳಿದ ಸೀಟುಗಳನ್ನು ತುಂಬುವ ಕೊನೆಯ ‘ಸ್ಟ್ರೇ’ ಸುತ್ತಿನಲ್ಲಿ ಸೀಟು ಸಿಕ್ಕಿಯೂ ಸೇರದವರನ್ನು ಮುಂದಿನ ನೀಟ್‌ನಿಂದಲೇ ದೂರವಿಡುವ ನಿಯಮ ಇತ್ತೀಚಿನ ವರ್ಷಗಳಲ್ಲಿ ಎಂಸಿಸಿಯ ಮಾಹಿತಿ ಪುಸ್ತಿಕೆಯಲ್ಲಿದೆ. ‘ಸುಮ್ಮನೆ ಹಾಕಿ ನೋಡೋಣ’ ಎಂದು ಬೇಡದ ಕಾಲೇಜುಗಳನ್ನೂ ಆ ಸುತ್ತಿನಲ್ಲಿ ತುಂಬಿದವರು, ಯಾವುದಕ್ಕಾಗಿ ಸೀಟು ಬಿಟ್ಟರೋ ಆ ಪರೀಕ್ಷೆಯನ್ನೇ ಬರೆಯಲಾಗದ ಸ್ಥಿತಿಗೆ ಬೀಳಬಹುದು. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಪುಸ್ತಿಕೆಯನ್ನು ಖುದ್ದಾಗಿ ಓದಿ. ಸೈಬರ್ ಕೇಂದ್ರದವರ ಬಾಯಿಮಾತನ್ನು ನೆಚ್ಚಿಕೊಳ್ಳಬೇಡಿ.

ಯಾವುದೋ ಸೀಟಿಗೆ ಸೇರಿಕೊಂಡು ಒಳಗಿಂದಲೇ ಓದಿ ಮತ್ತೆ ಬರೆಯುವುದು ಮೇಲ್ನೋಟಕ್ಕೆ ಜಾಣತನವೆನಿಸುತ್ತದೆ. ಎಂಬಿಬಿಎಸ್ ಮೊದಲ ವರ್ಷದ ಅಂಗರಚನಾಶಾಸ್ತ್ರದ ನಡುವೆ ಪಿಯು ಭೌತಶಾಸ್ತ್ರ ಓದಿದವರಿಗೆ ಎರಡೂ ಕೈಗೆ ಹತ್ತುವುದು ಅಪರೂಪ, ಮೂಲ ದಾಖಲೆಗಳು ಕಾಲೇಜಿನಲ್ಲಿರುತ್ತವೆ, ಬಿಡುವಾಗ ದಂಡವೂ ಬೀಳಬಹುದು.

ಲೆಕ್ಕವೆಲ್ಲ ಮುಗಿದು ಮತ್ತೊಮ್ಮೆ ಬರೆಯುವುದೆಂದೇ ತೀರ್ಮಾನವಾದರೆ, ತರಗತಿ ಆರಂಭವಾಗುವ ಮುನ್ನ ಕಾಗದಪತ್ರಗಳನ್ನು ಒಂದು ಕಡೆ ಸೇರಿಸಿಡಿ. ಮುಂದಿನ ವರ್ಷ ಕೆಇಎ ದಾಖಲೆ ಪರಿಶೀಲನೆಯನ್ನು ಮತ್ತೆ ಮೊದಲಿಂದ ಮಾಡಬೇಕಾಗಬಹುದು. ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಅಂಕಪಟ್ಟಿ, ಕರ್ನಾಟಕದಲ್ಲಿ ಓದಿದ್ದಕ್ಕೆ ಶಾಲೆಗಳಿಂದ ಪಡೆದ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ಹಾಗೂ ಕನ್ನಡ ಮಾಧ್ಯಮದ ಪ್ರಮಾಣಪತ್ರ, ಜಾತಿ–ಆದಾಯ ಪ್ರಮಾಣಪತ್ರ ಎಲ್ಲವೂ ಆಗಲೂ ಬೇಕು. ಜಾತಿ–ಆದಾಯ ಪ್ರಮಾಣಪತ್ರದ ಅವಧಿ ಮುಂದಿನ ಜೂನ್‌ಗೆ ಮೊದಲೇ ಮುಗಿಯುವಂತಿದ್ದರೆ ಈಗಲೇ ನಾಡಕಚೇರಿಯಲ್ಲಿ ಅರ್ಜಿ ಕೊಡುವುದು ಒಳ್ಳೆಯದು, ಏಕೆಂದರೆ ಕೌನ್ಸೆಲಿಂಗ್ ಹತ್ತಿರ ಬಂದಾಗ ಅಲ್ಲಿ ಎಲ್ಲರದ್ದೂ ಅದೇ ಸಾಲು.